ಬಚ್ಚಲಲ್ಲಿ ಕಾರ್ಬನ್ ಮಾನಾಕ್ಸೈಡ್: ಯಾಕೆ ಗೊತ್ತಾಗುವುದಿಲ್ಲ?

ಪ್ರಶ್ನೆ: ಗ್ಯಾಸ್ ಗೀಸರ್ ಹಾಕಿಕೊಂಡು ಸ್ನಾನಕ್ಕೆ ಹೋದವರು ಬಚ್ಚಲಲ್ಲೇ ಸತ್ತ ಸುದ್ದಿ ಆಗಾಗ ಬರುತ್ತದೆ. ಕಾರಣ ಕಾರ್ಬನ್ ಮಾನಾಕ್ಸೈಡ್ ಎನ್ನುತ್ತಾರೆ. ಉಸಿರು ಕಟ್ಟಿದಂತಾದರೆ ಬಾಗಿಲು ತೆಗೆದು ಹೊರಗೆ ಬರಬಹುದಲ್ಲ?
– ಓದುಗರೊಬ್ಬರು, ಹಾಸನ

ಉತ್ತರ: ಉಸಿರು ಕಟ್ಟಿದಂತೆ ಆಗುವುದೇ ಇಲ್ಲ, ಅಪಾಯ ಇರುವುದೇ ಅಲ್ಲಿ. ನೀರಲ್ಲಿ ಮುಳುಗಿದವರು ಚಡಪಡಿಸುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುವುದರಿಂದ. ಕತ್ತಿನ ರಕ್ತನಾಳಗಳ ಪಕ್ಕದಲ್ಲಿರುವ ಪುಟ್ಟ ಅಂಗಗಳೂ ಆಮ್ಲಜನಕ ಇಳಿದರೆ ಎಚ್ಚರಿಸುತ್ತವೆ ನಿಜ. ಆದರೆ ಅವು ಗಮನಿಸುವುದು ರಕ್ತದಲ್ಲಿ ಕರಗಿರುವ ಆಮ್ಲಜನಕದ ಒತ್ತಡವನ್ನು. ಕಾರ್ಬನ್ ಮಾನಾಕ್ಸೈಡ್ ಹೊಕ್ಕಾಗ ಆ ಒತ್ತಡ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಕೆಡುವುದು ರಕ್ತದಲ್ಲಿ ಆಮ್ಲಜನಕ ಹೊತ್ತೊಯ್ಯುವ ಹಿಮೋಗ್ಲೋಬಿನ್.

ಒಂದು ಹಿಮೋಗ್ಲೋಬಿನ್ ಅಣುವಿನಲ್ಲಿ ಕಬ್ಬಿಣದ 4 ಪರಮಾಣುಗಳಿವೆ, ಆಮ್ಲಜನಕ ಕೂರುವ ಜಾಗ ಅದು. ಅದೇ ಜಾಗಕ್ಕೆ ಕಾರ್ಬನ್ ಮಾನಾಕ್ಸೈಡ್ 200ರಿಂದ 250 ಪಟ್ಟು ಬಲವಾಗಿ ಅಂಟುತ್ತದೆ. ಗಾಳಿಯಲ್ಲಿ ಆಮ್ಲಜನಕ ಶೇ 21ರಷ್ಟಿದ್ದರೂ, ಇದು ಬರೀ ಶೇ 0.1ರಷ್ಟಿದ್ದರೆ ಸಾಕು, ಕೆಲವು ಗಂಟೆಗಳಲ್ಲಿ ಸುಮಾರು ಅರ್ಧ ಹಿಮೋಗ್ಲೋಬಿನ್ ಇದರ ಪಾಲು.

ಅರ್ಧ ಹೋದರೇನು, ಇನ್ನರ್ಧ ಇದೆಯಲ್ಲ ಅನ್ನಿಸಬಹುದು. ರಕ್ತಹೀನತೆಯಿಂದ ಹಿಮೋಗ್ಲೋಬಿನ್ ಅರ್ಧಕ್ಕೆ ಇಳಿದವರು ಸುಸ್ತಾಗಿಯಾದರೂ ಓಡಾಡಿಕೊಂಡಿರುತ್ತಾರೆ. ಇಲ್ಲಿ ಹಾಗಲ್ಲ. 4ರಲ್ಲಿ ಒಂದೆರಡು ಜಾಗ ಹಿಡಿದ ಕಾರ್ಬನ್ ಮಾನಾಕ್ಸೈಡ್ ಅಣುವಿನ ಆಕಾರವನ್ನೇ ಬದಲಿಸಿ, ಮಿಕ್ಕ ಜಾಗಗಳ ಆಮ್ಲಜನಕವೂ ಸುಲಭವಾಗಿ ಬಿಡುಗಡೆಯಾಗದಂತೆ ಮಾಡುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದೂ ಮಿದುಳಿಗೆ, ಹೃದಯಕ್ಕೆ ದಕ್ಕುವುದಿಲ್ಲ. ಮೊದಲು ತಲೆನೋವು, ವಾಕರಿಕೆ. ಆಮೇಲೆ ಕಾಲಲ್ಲಿ ಬಲವಿಲ್ಲ, ಬುದ್ಧಿಗೆ ಮಂಕು. ಬಾಗಿಲು ತೆಗೆಯಬೇಕು ಅನ್ನಿಸುವ ಹೊತ್ತಿಗೆ ಚಿಲಕಕ್ಕೆ ಕೈ ಎತ್ತಲು ಆಗುವುದಿಲ್ಲ.

ಪ್ರಶ್ನೆ: ಎಲ್‌ಪಿಜಿಯಲ್ಲಿ ಈ ವಿಷಾನಿಲವೇ ಇಲ್ಲವಲ್ಲ, ಎಲ್ಲಿಂದ ಬರುತ್ತದೆ?

ಉತ್ತರ: ಗಾಳಿ ಸಾಲದ ಉರಿಯಿಂದ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಗಂಟೆಗೆ ಸುಮಾರು 1 ಕಿಲೊ ಗ್ಯಾಸ್ ಉರಿಸುತ್ತದೆ. ಅಷ್ಟು ಪೂರ್ತಿ ಉರಿಯಲು 12–13 ಘನ ಮೀಟರ್ ಗಾಳಿ ಬೇಕು. 5 ಅಡಿ ಅಗಲ, 7 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿ ಇರುವುದೇ ಸುಮಾರು 8 ಘನ ಮೀಟರ್! ಚಳಿಯೆಂದು ಕಿಟಕಿಯನ್ನೂ ಮುಚ್ಚಿದರೆ ಲೆಕ್ಕ ನೀವೇ ಹಾಕಿ.

ಗೀಸರನ್ನು ಬಚ್ಚಲ ಹೊರಗೆ, ಬಾಲ್ಕನಿಯಲ್ಲೋ ಯುಟಿಲಿಟಿಯಲ್ಲೋ ಹಾಕಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಬೇರೆ ಉಪಾಯಗಳೆಲ್ಲ ಅರೆಬರೆ. ಎಕ್ಸಾಸ್ಟ್ ಫ್ಯಾನ್ ಇದ್ದರೂ ಬಾಗಿಲ ಕೆಳಗಿನಿಂದ ಹೊಸ ಗಾಳಿ ಬರದಿದ್ದರೆ ಪ್ರಯೋಜನ ಕಡಿಮೆ. 20 ನಿಮಿಷಕ್ಕೆ ತಾನೇ ಆರುವ ಟೈಮರನ್ನೂ ನಂಬಬೇಡಿ. ಉರಿ ಹಳದಿಯಾಗಿದ್ದರೆ, ಮುಚ್ಚಳದ ಮೇಲೆ ಮಸಿ ಕಂಡರೆ ಬರ್ನರ್ ಸ್ವಚ್ಛ ಮಾಡಿಸುವವರೆಗೆ ಹಚ್ಚಬೇಡಿ. ಹಾಗಂತ ನೀಲಿ ಉರಿ ಸುರಕ್ಷಿತವೆಂದೂ ಅಲ್ಲ. ಗ್ಯಾಸ್ ಸೋರಿದರೆ ಬರುವ ವಾಸನೆ ಇಲ್ಲಿ ಬರುವುದಿಲ್ಲ, ಯಾಕೆಂದರೆ ಆ ವಾಸನೆಯ ವಸ್ತುವೂ ಉರಿದುಹೋಗಿರುತ್ತದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ಮಲಗುವುದೂ ಇಷ್ಟೇ ಅಪಾಯ, ಹೊಗೆ ಇಲ್ಲದಿದ್ದರೂ.

ಪ್ರಶ್ನೆ: ಬಿದ್ದವರ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ 98 ತೋರಿಸಿದರೆ?

ಉತ್ತರ: ನಂಬಬೇಡಿ. ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಕೂಡ ಕೆಂಪಗೇ ಇರುವುದರಿಂದ ಮಾಮೂಲಿ ಆಕ್ಸಿಮೀಟರ್ ಅದನ್ನು ಆಮ್ಲಜನಕವೆಂದೇ ಎಣಿಸುತ್ತದೆ. ಬಾಗಿಲು ತೆರೆದು, ತಕ್ಷಣ ಅವರನ್ನು ಬಯಲಿಗೆ ಎಳೆದು ತನ್ನಿ, ಸಿಲಿಂಡರ್ ಬಂದ್ ಮಾಡಿ, 108ಕ್ಕೆ ಕರೆ ಮಾಡಿ. ಉಸಿರಾಟ ಪರೀಕ್ಷಿಸುವುದೆಲ್ಲ ಹೊರಗೆ ಬಂದ ಮೇಲೆ. ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ವೈದ್ಯರಿಗೆ ಹೇಳಲೇಬೇಕು, ಇಲ್ಲದಿದ್ದರೆ ಬಿಪಿ ಇಳಿದು ಬಿದ್ದರೆಂದು ತಿಳಿಯುವ ಸಂಭವವಿದೆ. ರಕ್ತದಲ್ಲಿನ ಈ ಅನಿಲ ಅರ್ಧಕ್ಕೆ ಇಳಿಯಲು ಸಾದಾ ಗಾಳಿಯಲ್ಲಿ 4–5 ಗಂಟೆ ಬೇಕು; ಬಿಗಿಯಾದ ಮಾಸ್ಕ್‌ನಲ್ಲಿ ಶುದ್ಧ ಆಮ್ಲಜನಕ ಕೊಟ್ಟರೆ ಸುಮಾರು ಒಂದೂಕಾಲು ಗಂಟೆ. ಗರ್ಭಿಣಿಯಾದರೆ ಹೆಚ್ಚು ಹೊತ್ತು ಕೊಡುತ್ತಾರೆ, ಮಗುವಿನ ರಕ್ತದಿಂದ ಅದು ಇನ್ನೂ ನಿಧಾನವಾಗಿ ಹೋಗುತ್ತದೆ. ಚೇತರಿಸಿಕೊಂಡು ಮನೆಗೆ ಬಂದವರಲ್ಲೂ ಕೆಲವು ವಾರಗಳ ನಂತರ ಮರೆವು, ನಡಿಗೆಯಲ್ಲಿ ತಡವರಿಕೆ ಕಾಣಿಸಬಹುದು. ಆಗ ನರರೋಗ ತಜ್ಞರಿಗೆ ತೋರಿಸಿ.