ಕೈಗಾ ಅಗ್ಗ, ಸರಿ. ಹೊಸ ಸ್ಥಾವರ?

ಕಾರವಾರದ ಓದುಗರೊಬ್ಬರ ಪತ್ರ: "ಅಣುವಿದ್ಯುತ್ತಿಗಿಂತ ಸೌರವಿದ್ಯುತ್ ಅಗ್ಗ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಹೊತ್ತು ಮುಳುಗಿದ ಮೇಲೆ ಏನು ಮಾಡುವುದು? ನಮ್ಮ ಕೈಗಾ ಹಗಲೂ ರಾತ್ರಿಯೂ ಕರೆಂಟು ಕೊಡುತ್ತಿದೆ. ಅದೂ ಕಡಿಮೆ ದರಕ್ಕೆ."

ಸಂಪಾದಕರ ಉತ್ತರ:

ಕೈಗಾ ಬಗ್ಗೆ ನಿಮಗಿರುವ ಹೆಮ್ಮೆ ನನಗೂ ಇದೆ. ಅದರ ಮೊದಲ ಘಟಕ 2018ರ ಕೊನೆಯವರೆಗೆ ಸತತ 962 ದಿನ ನಿಲ್ಲದೆ ಓಡಿ ಆಗ ವಿಶ್ವದಾಖಲೆ ಮಾಡಿತು. ಅಂಥ ಸ್ಥಾವರವನ್ನು ಮುಚ್ಚಿ ಎಂದು ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಅದು 2000ದಲ್ಲಿ ಶುರುವಾದದ್ದು. ಅಣುಸ್ಥಾವರದಲ್ಲಿ ಇಂಧನದ ಖರ್ಚು ಕಡಿಮೆ, ದುಡ್ಡೆಲ್ಲ ಹೋಗುವುದು ಕಟ್ಟುವುದಕ್ಕೆ. ಹಳೆಯದರ ದರ ನೋಡಿ ಹೊಸದರ ಲೆಕ್ಕ ಹಾಕಲು ಬರುವುದಿಲ್ಲ.

ಹೊಸದರ ಲೆಕ್ಕ ಬೇಕಿದ್ದರೆ ಬ್ರಿಟನ್ ನೋಡಿ. ಅಲ್ಲಿ ಅಣುವಿದ್ಯುತ್ತನ್ನೂ ಗಾಳಿ ವಿದ್ಯುತ್ತನ್ನೂ ಒಂದೇ ಅಳತೆಯಲ್ಲಿ ಹೋಲಿಸಬಹುದು. ಹಿಂಕ್ಲಿ ಪಾಯಿಂಟ್ ಸಿ ಎಂಬ ಹೊಸ ಅಣುಸ್ಥಾವರಕ್ಕೆ ಸರ್ಕಾರ ಒಪ್ಪಿದ ದರ ಸಾವಿರ ಯೂನಿಟ್ಟಿಗೆ 92.50 ಪೌಂಡ್, ಅದೂ 35 ವರ್ಷ. ಇದು 2012ರ ಬೆಲೆಮಟ್ಟದಲ್ಲಿ. ಹಣದುಬ್ಬರದ ಜೊತೆ ಏರುತ್ತಾ ಹೋಗುತ್ತದೆ. ಅದೇ ಬೆಲೆಮಟ್ಟದಲ್ಲಿ ಸಮುದ್ರದ ಗಾಳಿ ವಿದ್ಯುತ್ 2022ರ ಹರಾಜಿನಲ್ಲಿ 37.35 ಪೌಂಡಿಗೆ ಬಂತು. 2024ರಲ್ಲಿ ದರ ಏರಿತು, ಆದರೂ 60 ದಾಟಲಿಲ್ಲ.

ಇಷ್ಟು ವ್ಯತ್ಯಾಸಕ್ಕೆ ದೊಡ್ಡ ಕಾರಣ ಸಮಯ. ಅರ್ಧ ಕಟ್ಟಿದ ಮನೆಯ ಸಾಲದ ಹಾಗೆ, ಒಂದು ಯೂನಿಟ್ ಕೂಡ ಮಾರುವ ಮೊದಲೇ ಬಡ್ಡಿ ಬೆಳೆಯುತ್ತದೆ. ಫ್ರಾನ್ಸಿನ ಫ್ಲಮಾನ್‌ವಿಲ್‌ನಲ್ಲಿ 2007ರಲ್ಲಿ ಶುರುವಾದ ಘಟಕ ಗ್ರಿಡ್ಡಿಗೆ ಸೇರಿದ್ದು 2024ರ ಡಿಸೆಂಬರಿನಲ್ಲಿ. ನಮ್ಮ ದೇಶದ ಸ್ಥಾವರಗಳು ಯುರೋಪಿನವಕ್ಕಿಂತ ಎಷ್ಟೋ ಅಗ್ಗ, ಅದನ್ನು ಹೇಳಲೇಬೇಕು. ಆದರೂ ಗುಜರಾತಿನ ಕಾಕ್ರಾಪಾರದ ಮೂರನೇ ಘಟಕಕ್ಕೆ 2010ರಲ್ಲಿ ಕಾಂಕ್ರೀಟ್ ಬಿದ್ದು, ವಾಣಿಜ್ಯ ಉತ್ಪಾದನೆ ಶುರುವಾದದ್ದು 2023ರಲ್ಲಿ. ಪಾವಗಡದ ಸೋಲಾರ್ ಪಾರ್ಕು 2018ರಲ್ಲಿ ಕರೆಂಟು ಕೊಡತೊಡಗಿ, ಮರುವರ್ಷದ ಕೊನೆಗೆ 2,050 ಮೆಗಾವಾಟ್ ಪೂರ್ತಿಯಾಯಿತು.

ಇನ್ನು ನಿಮ್ಮ ರಾತ್ರಿಯ ಪ್ರಶ್ನೆ. ಅದು ನಿಜವಾದ ಪ್ರಶ್ನೆ. ಸೋಲಾರ್ ಫಲಕ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟೇ ಕೊಡುತ್ತದೆ. ಅಣುಘಟಕವೂ ವರ್ಷಪೂರ್ತಿ ಪೂರ್ಣ ಸಾಮರ್ಥ್ಯದಲ್ಲಿ ಓಡುವುದಿಲ್ಲ ಎಂದು ಹಿಡಿದರೂ, ಸಾವಿರ ಮೆಗಾವಾಟಿನ ಅಣುಘಟಕದ ಬದಲು ಮೂರೂವರೆಯಿಂದ ನಾಲ್ಕು ಸಾವಿರ ಮೆಗಾವಾಟಿನಷ್ಟು ಸೋಲಾರ್ ಬೇಕು. ಜೊತೆಗೆ ಜಮೀನು, ಲೈನು, ಸಂಗ್ರಹ. ಯೂನಿಟ್ಟಿಗೆ ಎರಡೂವರೆ ರೂಪಾಯಿ ಎಂಬ ಸೋಲಾರ್ ಹರಾಜಿನ ದರದಲ್ಲಿ ರಾತ್ರಿಗಾಗಿ ಕರೆಂಟು ಕೂಡಿಡುವ ಖರ್ಚು ಸೇರಿಲ್ಲ. ಮಳೆಗಾಲದಲ್ಲಿ ಬಿಸಿಲು ಕುಗ್ಗಿದಾಗ ನಮ್ಮಲ್ಲಿ ಗಾಳಿ ಜಾಸ್ತಿ ಬೀಸುತ್ತದೆ, ಅದೊಂದು ಅನುಕೂಲ. ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ಪಡೆಯುವ ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮಾತ್ರ ನಾನು ಒಪ್ಪಲಾರೆ. ಸಿಂಗಳೀಕಗಳ ಕಾಡಿನ ಬೆಲೆ ಯಾವ ಟೆಂಡರಿನಲ್ಲೂ ಬರುವುದಿಲ್ಲ. ಬ್ಯಾಟರಿ ದರ ಇಳಿಯುತ್ತಿರುವಾಗ ಮೊದಲು ಅದನ್ನು ಬಳಸೋಣ. ಸಂಗ್ರಹದ ಖರ್ಚು ಸೇರಿಸಿದರೂ ಹೊಸ ದುಡ್ಡು ಮೊದಲು ಹೋಗಬೇಕಾದದ್ದು ಬಿಸಿಲು, ಗಾಳಿಗೇ ಎಂಬುದು ನನ್ನ ಅಭಿಪ್ರಾಯ.

ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳು ಬರಲಿವೆ. ತಡವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯ ನೋಡಿ: ಅಲ್ಲಿನ ವೋಗ್ಟಲ್ ಅಣುಸ್ಥಾವರದ ಎರಡು ಹೊಸ ಘಟಕಗಳ ವೆಚ್ಚ 1,400 ಕೋಟಿ ಡಾಲರಿನಿಂದ 3,000 ಕೋಟಿ ದಾಟಿತು. ಕರೆಂಟು ಬರುವ ಮೊದಲೇ ಜಾರ್ಜಿಯಾದ ಜನ ಬಿಲ್ಲಿನಲ್ಲಿ ಅದರ ಬಡ್ಡಿ ಕಟ್ಟಿದರು. ನಮ್ಮಲ್ಲಿ ಕೆಲಸ ತಡವಾದರೆ ಆ ಹಣ ಯಾರ ತಲೆಯ ಮೇಲೆ ಬೀಳುತ್ತದೆ? ಇದನ್ನು ಈಗಲೇ ಬರವಣಿಗೆಯಲ್ಲಿ ತಿಳಿಸಿ ಎಂದು ಸ್ಥಾವರದ ಪಕ್ಕದಲ್ಲೇ ಇರುವ ನೀವೂ ಕೇಳಬೇಕು.