ಹಾಸಿಗೆಯ ಅಳತೆ

ದಾವಣಗೆರೆಯ ಓದುಗರೊಬ್ಬರು, ನಿವೃತ್ತ ಬ್ಯಾಂಕ್ ಅಧಿಕಾರಿ, ಐರೋಪ್ಯ ಒಕ್ಕೂಟದ ಕೋವಿಡ್ ಪುನಶ್ಚೇತನ ನಿಧಿಯ ಬಗೆಗಿನ ನಮ್ಮ ಲೇಖನ ಓದಿ ಹೀಗೆ ಕೇಳಿದ್ದಾರೆ: “ಹಾಸಿಗೆ ಇದ್ದಷ್ಟು ಕಾಲು ಚಾಚದ ಇಟಲಿ, ಸ್ಪೇನ್‌ಗಳ ಹೊರೆಯನ್ನು ಮಿತವ್ಯಯಿಗಳಾದ ಡಚ್ಚರು ಏಕೆ ಹೊರಬೇಕು?”

ಮಾನ್ಯರೇ,

ನಿಮ್ಮ ಅಕ್ಷರದಂತೆ ನಿಮ್ಮ ಲೆಕ್ಕವೂ ಅಚ್ಚುಕಟ್ಟು. ಸಾಂಕ್ರಾಮಿಕಕ್ಕೆ ಮೊದಲೇ ಇಟಲಿಯ ಸರ್ಕಾರಿ ಸಾಲ ಜಿಡಿಪಿಯ ಶೇ. 130ನ್ನು ದಾಟಿತ್ತು, ನೆದರ್ಲೆಂಡ್ಸಿನದು ಶೇ. 50ರೊಳಗಿತ್ತು, ಡಚ್ ತೆರಿಗೆದಾರನ ಅಂಜಿಕೆ ಸುಳ್ಳಲ್ಲ. ಆದರೆ ನಿಮ್ಮ ಗಾದೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಹಾಸಿಗೆ. ಯೂರೋ ವಲಯದಲ್ಲಿ ಆಗ 19 ದೇಶಗಳು ಒಂದೇ ಹಾಸಿಗೆಯಲ್ಲಿದ್ದವು. ಸ್ವಂತ ನಾಣ್ಯವಿದ್ದಿದ್ದರೆ ಇಟಲಿ ಅದರ ಮೌಲ್ಯ ಇಳಿಸಿಯಾದರೂ ಉಸಿರಾಡುತ್ತಿತ್ತು. ಆ ದಾರಿಯನ್ನು ಬಿಟ್ಟುಕೊಟ್ಟೇ ಅದು ಯೂರೋ ಒಪ್ಪಿದ್ದು, ಮತ್ತು ಅದೇ ಯೂರೋ ಉತ್ತರದ ರಫ್ತುದಾರರಿಗೆ ವರವಾದದ್ದು.

ಇಟಲಿಯ ಬೆರ್ಗಾಮೊ ನಗರದಿಂದ ಸೇನೆಯ ಲಾರಿಗಳು ಶವಪೆಟ್ಟಿಗೆ ಸಾಗಿಸುತ್ತಿದ್ದ 2020ರ ಮಾರ್ಚಿನಲ್ಲಿ ಒಂಬತ್ತು ದೇಶಗಳು, ಎಲ್ಲರೂ ಸೇರಿ ಹೊಣೆ ಹೊರುವ ಜಂಟಿ ಸಾಲಪತ್ರ ಬೇಡಿದವು. ಕೆಲವು ದೇಶಗಳ ಬಳಿ ಆಪತ್ಕಾಲದ ಗಂಟು ಏಕಿಲ್ಲವೆಂದು ಪರಿಶೀಲಿಸಬೇಕು ಎಂಬುದು ಡಚ್ ಹಣಕಾಸು ಸಚಿವ ವೋಪ್ಕೆ ಹುಕ್‌ಸ್ಟ್ರಾ ಅವರ ಧೋರಣೆಯಾಗಿತ್ತು. ಪೋರ್ಚುಗಲ್ಲಿನ ಪ್ರಧಾನಿ ಆಂಟೋನಿಯೊ ಕೋಸ್ಟಾ ಅದನ್ನು ಹೇಸಿಗೆಯ ಮಾತೆಂದರು. ನನಗೆ ಆ ವಿಶೇಷಣವೂ ಸೌಮ್ಯವೆನಿಸುತ್ತದೆ.

ಜಾಮೀನಿಗೂ ಜಂಟಿ ಸಾಲಕ್ಕೂ ಇರುವ ಅಂತರವನ್ನು ಬ್ಯಾಂಕಿನವರಾದ ನಿಮಗೆ ನಾನು ಹೇಳಿಕೊಡಬೇಕೇ? ನಮ್ಮ ತಂದೆ ನೆರೆಯವರೊಬ್ಬರಿಗೆ ಸೊಸೈಟಿಯಲ್ಲಿ ಜಾಮೀನು ನಿಂತು, ಕಂತು ತಪ್ಪಿದಾಗ ತಾವೇ ತೆತ್ತು, ಆ ಮಾತನ್ನು ಕೊನೆಯವರೆಗೂ ಆಡಿಕೊಂಡರು. ಬ್ರಸೆಲ್ಸ್‌ನಲ್ಲಿ ಒಕ್ಕೂಟದ ನಾಯಕರ ಸಭೆಯಲ್ಲಿ ನಡೆದದ್ದು ಅದಲ್ಲ. ನಾಲ್ಕು ರಾತ್ರಿಗಳ ಹಗ್ಗಜಗ್ಗಾಟ ಮುಗಿದ ಜುಲೈ 21ರ ಬೆಳಗಿನ ಜಾವ ಒಪ್ಪಿಕೊಂಡದ್ದು ಹೊಸದಾಗಿ ಎತ್ತುವ 75,000 ಕೋಟಿ ಯೂರೋ ಸಾಲವನ್ನು: 39,000 ಕೋಟಿ ಅನುದಾನಕ್ಕೆ, 36,000 ಕೋಟಿ ಸದಸ್ಯರಿಗೆ ಸಾಲವಾಗಿ ಕೊಡುವುದಕ್ಕೆ, ಮರುಪಾವತಿ 2058ರೊಳಗೆ. ಇಟಲಿಯ ಹಳೆಯ ಸಾಲ ಇಟಲಿಯ ತಲೆಯ ಮೇಲೆಯೇ ಉಳಿಯಿತು. ಮೇಲಾಗಿ ‘ಮಿತವ್ಯಯಿ’ ನಾಲ್ವರು, ಅಂದರೆ ನೆದರ್ಲೆಂಡ್ಸ್, ಆಸ್ಟ್ರಿಯ, ಡೆನ್ಮಾರ್ಕ್, ಸ್ವೀಡನ್, ಒಕ್ಕೂಟದ ಬಜೆಟ್ಟಿಗೆ ತಾವು ಕೊಡುವ ವಂತಿಗೆಯಲ್ಲಿ ಹೆಚ್ಚಿನ ರಿಯಾಯಿತಿ ಗಿಟ್ಟಿಸಿಕೊಂಡೇ ಎದ್ದರು. ನಿಮ್ಮ ಪತ್ರದಲ್ಲಿ ಇದರ ಸುಳಿವಿಲ್ಲ.

ಸಾಲಗಾರನನ್ನು ಕಂಡೊಡನೆ ಅವನ ನಡತೆಯನ್ನು ಅಳೆಯುವ ಚಟ ನಮ್ಮ ಪತ್ರಿಕೆಗಳಿಗೂ ಇದೆ. ಬೆಳೆಸಾಲದ ರೈತನಿಗೆ ಉಪದೇಶ ಮಾಡುವ ಅಂಕಣಗಳನ್ನು ನಾನೇ ಅಚ್ಚು ಹಾಕಿದ್ದೇನೆ. ಆದರೆ 1953ರ ಲಂಡನ್ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯ ಸಾಲದ ಸುಮಾರು ಅರ್ಧವನ್ನು ಬಿಟ್ಟುಕೊಟ್ಟಾಗ, ಸಹಿ ಹಾಕಿದ ಸಾಲದಾತರಲ್ಲಿ, ಮುಂದೆ ತಾನೇ ಸಾಲದಲ್ಲಿ ಮುಳುಗಿ ಉಪದೇಶ ಕೇಳಿಸಿಕೊಂಡ ಗ್ರೀಸ್ ಕೂಡ ಇತ್ತು. ಅಂದು ಕಾಲು ಚಾಚಿದವರು ಯಾರು, ಹಾಸಿಗೆ ಯಾರದು ಎಂಬುದನ್ನು ನಿಮ್ಮ ಮುಂದಿನ ಪತ್ರದಲ್ಲಿ ದಯವಿಟ್ಟು ಬರೆಯಿರಿ, ಜಾಗ ಕಾಯ್ದಿರಿಸಿದ್ದೇನೆ.

— ಸಂ.