ಮುಳ್ಳಿಗೆ ಮಾತ್ರ ಮಡಿ ಏಕೆ?

ಬಸವನಗುಡಿಯ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಕರೆದಳೆಂದು ಇಂದಿರಾನಗರದಲ್ಲಿ ಒಂದು ಕಛೇರಿಗೆ ಹೋಗಿದ್ದೆ. ಒಬ್ಬರು ಪಿಟೀಲು, ಒಬ್ಬರು ಘಟ. ಮೂರನೆಯ ಹುಡುಗ ಗ್ರಾಮಫೋನ್ ಪ್ಲೇಟನ್ನು ಕೈಯಲ್ಲಿ ಹಿಂದೆ ಮುಂದೆ ಎಳೆದಾಡುತ್ತ, ಮುಳ್ಳಿನಿಂದ ಕರಕರ ಅನ್ನಿಸುತ್ತ ಕೂತಿದ್ದ. ರಾಗವಿಲ್ಲ, ತಾಳವಿಲ್ಲ. ಈಗಿನವರ ಹೊಸ ಹುಚ್ಚು! ನಮ್ಮ ಅಟ್ಟದ ಮೇಲೆ ಅಪ್ಪನ ಕಾಲದ ಪ್ಲೇಟುಗಳಿವೆ. ಒಂದು ಗೀರೂ ಬೀಳದಂತೆ ಕಾಪಾಡಿದ್ದೇನೆ. ಇದನ್ನೂ ಸಂಗೀತ ಅನ್ನಬೇಕೇ?”

ಅನ್ನಬೇಕು ಸ್ವಾಮಿ.

ಮೊದಲು ನಿಮ್ಮ ಕಡೆಯ ಮಾತು. ಇಂಥ ಕಛೇರಿಗಳಲ್ಲಿ ಸ್ಪೀಕರ್ ಸದ್ದು ಜಾಸ್ತಿ, ಒಪ್ಪಿದೆ. ಸುಮ್ನೆ ಗಲಾಟೆ ಎಬ್ಬಿಸಿ ಕಲೆ ಅನ್ನುವವರೂ ಇದ್ದಾರೆ. ಆಯ್ತಲ್ಲ?

ಈಗ ಹೇಳಿ, ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ ಒಂದು ನೂಲಿನ ಎಳೆ ಸಿಕ್ಕಿಸುತ್ತಾರಲ್ಲ, ಅದು ಯಾಕೆ? ತಂತಿ ಜುಂಯ್ ಅನ್ನಲಿ ಅಂತ. ಎಳೆ ತೆಗೆಯಿರಿ, ನಾದ ಚೊಕ್ಕವಾಗುತ್ತದೆ, ಬಣಬಣ ಅನ್ನುತ್ತದೆ. ಆ ಎಳೆಗೆ ಇಟ್ಟ ಹೆಸರು ‘ಜೀವ’. ಘಟ ಅಂದರೆ ಮಡಕೆ. ಮೋರ್ಸಿಂಗ್ ಅಂದರೆ ಹಲ್ಲಿಗೆ ಒತ್ತಿ ಮೀಟುವ ಕಬ್ಬಿಣ. ಇವನ್ನೆಲ್ಲ ವೇದಿಕೆ ಹತ್ತಿಸಿದವರು ನಾವು. ಪ್ಲೇಟಿನ ಮುಳ್ಳಿಗೆ ಮಾತ್ರ ಮಡಿಯೇ?

ಹೊಸ ಹುಚ್ಚೂ ಅಲ್ಲ. 1939ರಲ್ಲಿ ನಮ್ಮ ಚಾಮರಾಜಪೇಟೆಯಲ್ಲಿ ರಾಮನವಮಿ ಕಛೇರಿಗಳ ಶ್ರೀರಾಮಸೇವಾ ಮಂಡಳಿ ಹುಟ್ಟಿತು. ಅದೇ ವರ್ಷ ಅಮೆರಿಕದ ಸಿಯಾಟಲ್‌ನಲ್ಲಿ ಸಂಗೀತ ರಚನಕಾರ ಜಾನ್ ಕೇಜ್ ಅವರು ಪಿಯಾನೋ, ದೊಡ್ಡ ಚೀನೀ ತಾಳದ ಜೊತೆ ಪ್ಲೇಟು ತಿರುಗಿಸುವ ಎರಡು ಟರ್ನ್‌ಟೇಬಲ್ ಕೂರಿಸಿ, ಅವುಗಳ ವೇಗ ಏರಿಸಿ ಇಳಿಸುವ ಕೃತಿ ಕಟ್ಟಿದರು. ಅದು ಬರೆದಿಟ್ಟು ನುಡಿಸಿದ್ದು, ನೀವು ಕೇಳಿದ್ದು ಕಛೇರಿಯಲ್ಲೇ, ಆ ಕ್ಷಣಕ್ಕೆ ಹುಟ್ಟಿದ್ದು. ಅಷ್ಟೇ ವ್ಯತ್ಯಾಸ. 1948ರಲ್ಲಿ ಪ್ಯಾರಿಸ್ಸಿನ ಪಿಯೆರ್ ಶೆಫರ್ ರೈಲಿನ ಸದ್ದನ್ನು ಪ್ಲೇಟಿಗೆ ಹಿಡಿದು ಸಂಗೀತ ಮಾಡಿದರು. ಮುಳ್ಳು ಒಂದೇ ಗೆರೆಯಲ್ಲಿ ಸುತ್ತುವ ಉಪಾಯವನ್ನೂ ಬಳಸಿದರು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ ನಾವು ಬೈಯುವುದು ಅವರಿಗೆ ಬಂಡವಾಳವಾಯಿತು! ಜಪಾನಿನ ಒಟೊಮೊ ಯೋಶಿಹಿದೆ ಪ್ಲೇಟೇ ಇಲ್ಲದೆ ಟರ್ನ್‌ಟೇಬಲ್ ನುಡಿಸಿದ್ದಾರೆ. ಕ್ರಿಶ್ಚಿಯನ್ ಮಾರ್ಕ್ಲೇ 1985ರಲ್ಲಿ ಕವರೇ ಇಲ್ಲದ ಪ್ಲೇಟು ಹೊರತಂದರು. ಕೈಯಿಂದ ಕೈಗೆ ಹೋಗುತ್ತ ಬೀಳುವ ಗೀರೆಲ್ಲ ಸಂಗೀತಕ್ಕೆ ಸೇರಲಿ ಅಂತ.

ನನ್ನ ಸೋದರಮಾವನ ಮನೆಯ ಪ್ಲೇಟೊಂದರಲ್ಲಿ ಗೀರಿತ್ತು. ಮುಳ್ಳು ಹಾರದಿರಲಿ ಅಂತ ಮಾವ ಅದರ ತಲೆ ಮೇಲೆ ನಾಲ್ಕಾಣೆ ಇಡುತ್ತಿದ್ದರು. ಆದರೂ ಪಲ್ಲವಿ ಮುಗಿದು ಅನುಪಲ್ಲವಿಗೆ ಏರುವಾಗ ಒಂದು ‘ಟಕ್’. ಮೊನ್ನೆ ಅದೇ ಹಾಡನ್ನು ಮೊಬೈಲಿನಲ್ಲಿ ಕೇಳಿದೆ. ಟಕ್ ಬರಲಿಲ್ಲ. ಮೆಟ್ಟಿಲು ತಪ್ಪಿದ ಹಾಗಾಯಿತು.

ರಾಗತಾಳ ಹುಡುಕುವ ಭರದಲ್ಲಿ ನೀವು ಇನ್ನೊಂದನ್ನು ಕೇಳಿಸಿಕೊಳ್ಳಲಿಲ್ಲವೇನೋ. ಹುಡುಗ ಕರಕರ ನಿಲ್ಲಿಸಿದಾಗ ಪಿಟೀಲಿನವರು ಅದನ್ನು ಕಮಾನಿನಲ್ಲಿ ಎತ್ತಿಕೊಂಡರೇ? ಘಟದವರು ಕಾದರೇ? ತಾಳವಾದ್ಯಗಳಷ್ಟೇ ನುಡಿಯುವ ತನಿಯಲ್ಲಿ ಮೃದಂಗ ಬಿಟ್ಟಿದ್ದನ್ನು ಘಟ ಹಿಡಿಯುವಂತೆ? ಅದೂ ಮನೋಧರ್ಮವೇ, ಅಲ್ಲಿಯೇ ಹೊಳೆದು ನುಡಿಸುವುದೇ ಅಲ್ವಾ?

ತನಿ ಅಂದೆ, ಹೊಟ್ಟೆಯುರಿ ಶುರುವಾಯಿತು. ತನಿ ಆವರ್ತನ ಬಂತೆಂದರೆ ನಮ್ಮ ಅರ್ಧ ಸಭೆ ಕ್ಯಾಂಟೀನಿನಲ್ಲಿರುತ್ತದೆ. ಹೋದ ವರ್ಷ ಒಂದು ಸಭೆಯಲ್ಲಿ ತನಿಯನ್ನು ಮುಗಿಸುವ ಲೆಕ್ಕದ ಜತಿಯಾದ ಕೋರ್ವೆಯ ನಡುವೆ ಮುಂದಿನ ಸಾಲಿನವರ ಫೋನ್ ಬಡಿದುಕೊಂಡಿತು. ಅವರು ಎತ್ತಿ, “ಕಛೇರಿಯಲ್ಲಿದ್ದೀನಿ, ಹೇಳು” ಅಂದರು! ಯಾರೂ ಸಂಪಾದಕರಿಗೆ ಪತ್ರ ಬರೆಯಲಿಲ್ಲ. ಮನೆ ಮುಂದೆ ರಾತ್ರಿಯಿಡೀ ಬೋರ್‌ವೆಲ್ ಲಾರಿ ಗುಡುಗುತ್ತದೆ, ಪತ್ರವಿಲ್ಲ. ಗಣೇಶನ ಮುಂದೆ ಧ್ವನಿವರ್ಧಕ ಹಾಕಿ ಬೀದಿಯ ಕಿಟಕಿ ಗಾಜೆಲ್ಲ ನಡುಗಿಸುತ್ತಾರೆ, ಪತ್ರವಿಲ್ಲ. ಒಬ್ಬ ಹುಡುಗ ಕೂತು, ಕಿವಿಗೊಟ್ಟು, ಬೇಕೆಂದೇ ಸದ್ದು ಮಾಡಿದ ನೋಡಿ, ಎರಡು ಪುಟ ಬಂತು.

ಮಗಳ ಜೊತೆ ಇನ್ನೊಮ್ಮೆ ಹೋಗಿ. ಹಿಂದಿನ ಸಾಲಿನಲ್ಲಿ ಕೂತುಕೊಳ್ಳಿ, ಸ್ಪೀಕರಿನಿಂದ ದೂರ.

ಅಂದಹಾಗೆ, ಅಪ್ಪನ ಪ್ಲೇಟುಗಳು 78ರ ವೇಗದವಾದರೆ ಅವು ಅರಗಿನವು. ಒಂದರ ಮೇಲೊಂದು ಪೇರಿಸಬೇಡಿ, ನಿಲ್ಲಿಸಿ ಇಡಿ. ಧೂಳು ಹೋಗಲೆಂದು ಸ್ಪಿರಿಟ್ ಹಾಕಿ ಒರೆಸಲೇಬೇಡಿ, ಅರಗು ಕರಗುತ್ತದೆ.

— ಸಂ.